ಕೆಲವು ಬಾಗಿಲು ಮುಚ್ಚೇ ಇರಲಿ

ಮೊನ್ನೆ ರಾತ್ರಿ ಚಿಕ್ಕಮ್ಮನ ಮಗ ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಕಳಿಸಿದ. ಮುಂದಿನ ಎಲ್ಡರ್ ಸ್ಕ್ರೋಲ್ಸ್ ಗೇಮ್‌ನಲ್ಲಿ ಏನೇನಿರಬೇಕು ಅನ್ನೋ ಪಟ್ಟಿ. ಮದುವೆ ಮನೆಯ ದಿನಸಿ ಚೀಟಿಗಿಂತ ಉದ್ದ ಇತ್ತು. ಸ್ಕೈರಿಮ್‌ಗಿಂತ ಹತ್ತು ಪಟ್ಟು ದೊಡ್ಡ ಮ್ಯಾಪ್ ಬೇಕು. ಸ್ವಂತ ಹಡಗು ಬೇಕು. ಊರಿಗೊಂದು ಮನೆ ಬೇಕು. ಒಂದೇ ಪಾತ್ರದಲ್ಲಿ ಎಲ್ಲ ಸಂಘಕ್ಕೂ ಸೇರೋ ಹಾಗಿರಬೇಕು, ಯಾವ ಕ್ವೆಸ್ಟೂ ಕೈತಪ್ಪಿ ಹೋಗಬಾರದು. ಕೊನೆಗೆ, "ಅಣ್ಣಾ, ನಿಂದೂ ಸೇರಿಸು, ಗ್ರೂಪಲ್ಲಿ ಹಾಕ್ತೀನಿ."

ನಾನು ಒಂದೇ ಸಾಲು ಬರೆದೆ: "'ಆಗಲ್ಲ' ಅಂತ ಹೇಳೋ ಗೇಮ್ ಬೇಕು."

ಅವನು ನಗೋ ಎಮೋಜಿ ಹಾಕಿ ಸುಮ್ಮನಾದ. ನಾನು ತಮಾಷೆ ಮಾಡಿರಲಿಲ್ಲ. ವಾಟ್ಸಾಪ್‌ನಲ್ಲಿ ಹೇಳೋಕಾಗದ ಉಳಿದ ಮಾತನ್ನ ಇಲ್ಲಿ ಬರೀತಿದ್ದೀನಿ.

ಗೊತ್ತಿಲ್ಲದವರಿಗೆ ಎರಡು ಮಾತು. ಎಲ್ಡರ್ ಸ್ಕ್ರೋಲ್ಸ್ ಅನ್ನೋದು ಬೆಥೆಸ್ಡಾ ಕಂಪನಿಯ ಫ್ಯಾಂಟಸಿ ಗೇಮ್ ಸರಣಿ. ಕತ್ತಿ, ಮಂತ್ರ, ಗುಹೆ, ಊರು, ದೇವರುಗಳು ಎಲ್ಲ ಇರೋ ಒಂದು ಲೋಕಕ್ಕೆ ನಿಮ್ಮನ್ನ ಬಿಟ್ಟು, "ಹೋಗಪ್ಪಾ, ಬದುಕ್ಕೋ" ಅನ್ನುವ ಜಾತಿಯದು. 2002ರಲ್ಲಿ ಮಾರೋವಿಂಡ್ ಬಂತು, 2006ರಲ್ಲಿ ಒಬ್ಲಿವಿಯನ್, 2011ರ ನವೆಂಬರ್ 11ಕ್ಕೆ ಸ್ಕೈರಿಮ್. ಆರನೆಯದರದ್ದು 2018ರ ಜೂನ್‌ನಲ್ಲಿ ಒಂದು ನಿಮಿಷವೂ ಇಲ್ಲದ ವಿಡಿಯೋ ತೋರಿಸಿದರು. ಬೆಟ್ಟ, ಸಮುದ್ರದ ದಂಡೆ, ಸಂಗೀತ, ಅಷ್ಟೇ. ಅವತ್ತಿನಿಂದ ಜನ ಪಟ್ಟಿ ಬರೀತಾನೇ ಇದ್ದಾರೆ.

ನನ್ನ ತಕರಾರು ಶುರುವಾಗಿದ್ದು ಕಳೆದ ವರ್ಷ, ಒಂದು ಶನಿವಾರ ರಾತ್ರಿ. ಎಷ್ಟನೇ ಸಲವೋ ಸ್ಕೈರಿಮ್ ಹಾಕಿಕೊಂಡು ಕೂತಿದ್ದೆ. ಪಕ್ಕದಲ್ಲಿ ಹೆಂಡತಿ ಫೋನ್ ನೋಡ್ತಾ ಕೂತಿದ್ದಳು. ನಾನು ಒಂದು ಹಳೇ ಕೋಟೆಗೆ ನುಗ್ಗಿ, ಒಳಗಿದ್ದವರನ್ನೆಲ್ಲ ಹೊಡೆದು, ಅವರ ನಾಯಕನನ್ನೂ ಮುಗಿಸಿದೆ. ಅವಳು ತಲೆಯೆತ್ತಿ ಕೇಳಿದಳು, "ಯಾರು ಅವನು?"

"ಬ್ಯಾಂಡಿಟ್ ಚೀಫ್."

"ಏನು ಮಾಡಿದ್ದ?"

ನನಗೆ ಗೊತ್ತಿರಲಿಲ್ಲ. ಯಾವುದೋ ಊರಿನ ಹೋಟೆಲಿನವಳು ಒಂದು ಚೀಟಿ ಕೊಟ್ಟಿದ್ದಳು, ಪರದೆಯ ಮೇಲೆ ಒಂದು ಬಾಣ ಮೂಡಿತ್ತು, ನಾನು ಬಂದಿದ್ದೆ. ಆ ಕೋಟೆಯ ಹೆಸರೂ ನೆನಪಿರಲಿಲ್ಲ. ಚೀಟಿ ಕೊಟ್ಟ ಊರು ಯಾವುದು ಅಂತಲೂ ಮರೆತಿದ್ದೆ. ಅವಳು "ಓಹೋ" ಅಂದು ಮತ್ತೆ ಫೋನಿಗೆ ಹೋದಳು. ನನಗೆ ಮಾತ್ರ ಆ ಪ್ರಶ್ನೆ ಅಲ್ಲೇ ಕಚ್ಚಿಕೊಂಡಿತು. ಎರಡು ಗಂಟೆ ನಾನು ಯಾವ ಪಾತ್ರ ಮಾಡ್ತಿದ್ದೆ? ಬಾಣ ತೋರಿಸಿದ ಕಡೆ ಹೋಗಿ, ಸಾಮಾನು ತಲುಪಿಸಿ, ದುಡ್ಡು ಇಸ್ಕೊಂಡು, ಮುಂದಿನ ಬಾಣಕ್ಕೆ ಕಾಯೋದು. ಇದನ್ನ ಬೆಂಗಳೂರಲ್ಲಿ ಲಕ್ಷಾಂತರ ಹುಡುಗರು ಬೈಕ್ ಮೇಲೆ ದಿನವೂ ಮಾಡ್ತಾರೆ. ಅದೂ ಹೊಟ್ಟೆಪಾಡಿಗೆ. ನಾನು ದುಡ್ಡು ಕೊಟ್ಟು ಮಾಡ್ತಿದ್ದೆ.

ಇದಕ್ಕೆದುರಾಗಿ ಮಾರೋವಿಂಡ್ ನೆನಪು ಹೇಳ್ತೀನಿ. ಇಂಜಿನಿಯರಿಂಗ್ ಹಾಸ್ಟೆಲು, ರೂಮ್‌ಮೇಟಿನ ಅಸೆಂಬಲ್ಡ್ ಕಂಪ್ಯೂಟರು. ಗೇಮ್ ಶುರುವಿನಲ್ಲಿ ಹಡಗಿಂದ ಇಳಿಸಿ, ಕೈಗೊಂದು ಪೊಟ್ಟಣ ಕೊಟ್ಟು, ಬಾಲ್ಮೊರಾ ಅನ್ನೋ ಊರಿಗೆ ಹೋಗಿ ಕೈಯಸ್ ಕೊಸೇಡ್ಸ್ ಅನ್ನೋನನ್ನ ಹುಡುಕು ಅಂತಾರೆ. ಮನೆ ಎಲ್ಲಿ? ಊರಿಗೆ ಹೋಗಿ ಇಂಥ ಮದ್ಯದಂಗಡಿಯಲ್ಲಿ ವಿಚಾರಿಸು. ಬಾಣವಿಲ್ಲ, ಮಿನುಗೋ ಚುಕ್ಕಿಯಿಲ್ಲ. ಆಮೇಲಿನ ಒಂದು ಕೆಲಸದಲ್ಲಿ ಆರ್ಕ್‌ಂಗ್ಥಾಂಡ್ ಅನ್ನೋ ಪಾಳುಬಿದ್ದ ನಗರಕ್ಕೆ ಹೋಗಿ ಪುಟ್ಟದೊಂದು ಪೆಟ್ಟಿಗೆ ತರಬೇಕು. ದಾರಿ ಹೇಗೆ ಅಂದರೆ ನಮ್ಮ ಊರಿನ ಅಜ್ಜಂದಿರು ಹೇಳೋ ಥರವೇ: ಸೇತುವೆ ದಾಟು, ಅಲ್ಲಿಂದ ಬೆಟ್ಟದ ದಾರಿ ಹಿಡಿ. ಬಾಗಿಲು ತೆರೆಯೋಕೆ ಹೊರಗಿರೋ ಒಂದು ತಿರುಗಣೆ ತಿರುಗಿಸಬೇಕು. ಒಳಗೆ ಹೋದರೆ ಆ ಪೆಟ್ಟಿಗೆ ಒಂದು ಶೆಲ್ಫಿನ ಮೇಲೆ ಹಳೇ ಸಾಮಾನಿನ ಮಧ್ಯೆ ಸುಮ್ಮನೆ ಕೂತಿದೆ. ನನಗೆ ಎರಡು ಸಂಜೆ ಹಿಡಿಯಿತು. ಮೂರನೇ ದಿನ ಹಿಂದೆ ನಿಂತು ಮ್ಯಾಗಿ ತಿಂತಿದ್ದ ರೂಮ್‌ಮೇಟ್ ಚಮಚ ಚಾಚಿ, "ಅದೇನೋ ಅಲ್ಲಿ?" ಅಂದ. ಇಬ್ಬರೂ ಕಿರುಚಿದ್ದಕ್ಕೆ ಪಕ್ಕದ ರೂಮಿನವರು ಬಂದು ಬೈದರು.

ಇವತ್ತಿಗೂ ಆ ಸೇತುವೆ, ಆ ಬೆಟ್ಟ, ಆ ಶೆಲ್ಫು ಕಣ್ಣಿಗೆ ಕಟ್ಟಿದಂತಿದೆ. ಸ್ಕೈರಿಮ್‌ನಲ್ಲಿ ಅದಕ್ಕಿಂತ ಹತ್ತು ಪಟ್ಟು ಹೆಚ್ಚು ಹೊತ್ತು ಕಳೆದಿದ್ದೀನಿ, ಅಂಥ ಒಂದು ಶೆಲ್ಫೂ ನೆನಪಿಲ್ಲ.

'ಹಳೇದೇ ಚಂದ' ಅನ್ನೋ ಗೋಳಲ್ಲ ಇದು. ಮಾರೋವಿಂಡ್‌ನಲ್ಲಿ ಬೇಕಾದಷ್ಟು ತಲೆನೋವಿತ್ತು. ಎದುರಿಗೇ ನಿಂತ ಏಡಿಗೆ ಕತ್ತಿ ಬೀಸಿದರೂ ಒಳಗಿನ ದಾಳದ ಲೆಕ್ಕದಲ್ಲಿ 'ತಪ್ಪಿತು' ಅಂತ ಬರ್ತಿತ್ತು. ನಡಿಗೆ ಆಮೆಯದ್ದು. ಕೆಲವು ಕಡೆ ಹೇಳಿದ ದಾರಿಯೇ ತಪ್ಪಾಗಿತ್ತು. ಅದ್ಯಾವುದೂ ವಾಪಸ್ ಬೇಡ. ನನಗೆ ಬೇಕಿರೋದು ಅದಕ್ಕಿದ್ದ ಒಂದೇ ಗುಣ: ಆ ಲೋಕ ನಮ್ಮ ಮಾತಿಗೆಲ್ಲ ತಲೆಯಾಡಿಸ್ತಿರಲಿಲ್ಲ.

ಅಲ್ಲಿ ಮೂರು ದೊಡ್ಡ ಮನೆತನಗಳು: ರೆಡೊರಾನ್, ಹ್ಲಾಲು, ಟೆಲ್ವಾನಿ. ಒಂದಕ್ಕೆ ಸೇರಿದರೆ ಉಳಿದೆರಡರ ಬಾಗಿಲು ಬಂದ್. ಮಂತ್ರವಾದಿಗಳ ಸಂಘದಲ್ಲಿ ಮೇಲಿನ ಪದವಿ ಬೇಕಾದರೆ ಕೆಲಸ ಮಾಡಿದರಷ್ಟೇ ಸಾಲದು, ವಿದ್ಯೆಯೂ ಅಷ್ಟು ಬೆಳೆದಿರಬೇಕು. ಟೆಲ್ವಾನಿಗಳ ಗೋಪುರಗಳಲ್ಲಂತೂ ಮೇಲಕ್ಕೆ ಹೋಗೋಕೆ ಮೆಟ್ಟಿಲೇ ಇಲ್ಲ. ಹಾರೋ ಮಂತ್ರ ಬಂದರೆ ಬಾ, ಬರದಿದ್ದರೆ ಕೆಳಗೇ ನಿಂತಿರು. ಎಂಥ ದುರಹಂಕಾರ! ಆದರೆ ಆ ಮಂತ್ರವಾದಿಗಳು ಎಂಥವರು ಅನ್ನೋದು ಒಂದು ಡೈಲಾಗೂ ಇಲ್ಲದೆ, ಇಲ್ಲದ ಮೆಟ್ಟಿಲಿಂದಲೇ ಗೊತ್ತಾಗ್ತಿತ್ತು.

ಸ್ಕೈರಿಮ್‌ನಲ್ಲಿ ಬೆರಳೆಣಿಕೆಯಷ್ಟು ಮಂತ್ರ ಹಾಕಿ, ಉಳಿದಂತೆ ಕೊಡಲಿ ಬೀಸಿಕೊಂಡೇ ನೀವು ಮಂತ್ರ ಕಾಲೇಜಿನ ಮುಖ್ಯಸ್ಥರಾಗಬಹುದು. ಅದೇ ವಾರ ಕಳ್ಳರ ಸಂಘದ ನಾಯಕ. ಮರುವಾರ ಕೊಲೆಗಡುಕರ ಗುಂಪಿನ ಮುಂದಾಳು. ಜೊತೆಗೆ ಮಾನವಂತ ಯೋಧರ ಪಡೆಯ ಹಿರಿಯ. ಇಷ್ಟೆಲ್ಲ ಆದಮೇಲೂ ಊರಿನ ಕಾವಲುಗಾರ ನಿಮ್ಮನ್ನ ಹಾದಿಹೋಕನ ಹಾಗೆ ಮಾತಾಡಿಸಬಹುದು. ಎಲ್ಲ ಆಗಬಹುದಾದ ಕಡೆ ಏನಾದರೂ ಬೆಲೆ ಏನಿದೆ? ಕೊಲ್ಲೋಕೆ ಹೋದರೆ ಮುಖ್ಯ ಪಾತ್ರಗಳು ಸಾಯೋದೂ ಇಲ್ಲ, ಮಂಡಿಯೂರಿ ಕೂತು, ಸುಧಾರಿಸಿಕೊಂಡು ಎದ್ದು ನಿಲ್ತಾರೆ. ಮಾರೋವಿಂಡ್‌ನಲ್ಲಿ ಅಂಥವರನ್ನ ಕೊಂದರೆ ಭವಿಷ್ಯವಾಣಿಯ ಎಳೆ ಕಡಿದುಹೋಯ್ತು, ಹಳೇ ಸೇವ್‌ಗೆ ವಾಪಸ್ ಹೋಗು, ಇಲ್ಲಾ ಈ ಹಾಳು ಲೋಕದಲ್ಲೇ ಮುಂದುವರಿ ಅಂತ ಒಂದು ಸೂಚನೆ ಬರ್ತಿತ್ತು. ತಪ್ಪು ಮಾಡೋ ಹಕ್ಕನ್ನ ಆಟಗಾರನಿಗೆ ಕೊಡೋದು ಅಂದ್ರೆ ಇದು.

"ಬಾಣ ಬೇಡ ಅಂದ್ರೆ ಆಫ್ ಮಾಡ್ಕೋ, ನಮ್ಮ ತಲೆ ಯಾಕೆ ತಿಂತೀಯ?" ಅಂತ ಕೇಳ್ತೀರಿ. ಸ್ಕೈರಿಮ್‌ನಲ್ಲಿ ಮಾಡಿ ನೋಡಿ. ಚೀಟಿ ಕೊಡೋರು ದಾರಿಯನ್ನೇ ಹೇಳಲ್ಲ. ಡೈರಿ ತೆರೆದರೆ 'ಇಂಥವನನ್ನ ಕೊಲ್ಲು' ಅಂತಿರುತ್ತೆ, ಎಲ್ಲಿ, ಹೇಗೆ ಅನ್ನೋದಿಲ್ಲ. ಬಾಣ ಇದ್ದೇ ಇರುತ್ತೆ ಅಂದುಕೊಂಡು ಬರೆದ ಮಾತುಗಳವು. ಒಬ್ಲಿವಿಯನ್‌ನಿಂದ ಎಲ್ಲ ಪಾತ್ರಗಳಿಗೂ ದನಿ ಕೊಡೋದು ಶುರುವಾಯ್ತು. ಪ್ರತಿ ಸಾಲಿಗೂ ನಟ, ಸ್ಟುಡಿಯೋ, ಖರ್ಚು. ಉದ್ದಕ್ಕೆ ದಾರಿ ಹೇಳಿಸೋದಕ್ಕಿಂತ ಒಂದು ಬಾಣ ಹಾಕೋದು ಅಗ್ಗ. ಹಾಗಾಗಿ ಇದು ಸೆಟ್ಟಿಂಗ್ಸ್‌ನ ಒಂದು ಗುಂಡಿಯ ಪ್ರಶ್ನೆಯಲ್ಲ. ಇಡೀ ಮನೆಯನ್ನ ಲಿಫ್ಟ್ ನಂಬಿ ಕಟ್ಟಿ, ಆಮೇಲೆ 'ಬೇಡ ಅನ್ನೋರು ಮೆಟ್ಟಿಲು ಹತ್ತಲಿ' ಅಂದರೆ ಮೆಟ್ಟಿಲೆಲ್ಲಿದೆ ಸ್ವಾಮಿ?

ಇನ್ನು ದೊಡ್ಡ ಮ್ಯಾಪಿನ ಆಸೆ. ಅದೂ ಆಗಿಹೋಗಿದೆ. ಇದೇ ಸರಣಿಯ ಡ್ಯಾಗರ್‌ಫಾಲ್ 1996ರಲ್ಲೇ ಗ್ರೇಟ್ ಬ್ರಿಟನ್ನಿನಷ್ಟು ದೊಡ್ಡ ಲೋಕ ಅಂತ ಹೇಳಿಕೊಂಡಿತ್ತು. ಕಂಪ್ಯೂಟರೇ ಸೂತ್ರ ಹಾಕಿ ಹೊಸೆದ ಸಾವಿರಾರು ಊರುಗಳು, ಒಂದರ ಹಾಗೆ ಇನ್ನೊಂದು. ಅದಾದ ಮೇಲೆ ಮಾರೋವಿಂಡ್‌ಗೆ ಅವರು ಒಂದೇ ದ್ವೀಪ ತಗೊಂಡು ಕಲ್ಲು ಕಲ್ಲನ್ನೂ ಕೈಯಾರೆ ಇಟ್ಟರು. 2023ರಲ್ಲಿ ಅದೇ ಕಂಪನಿ ಸ್ಟಾರ್‌ಫೀಲ್ಡ್ ತಂತು, ಸಾವಿರಕ್ಕೂ ಹೆಚ್ಚು ಗ್ರಹ. ಜನ ಏನಂದರು? ಯಾವ ಗ್ರಹಕ್ಕೆ ಹೋದರೂ ಅದೇ ಕಟ್ಟಡ, ಅದೇ ಮೇಜು, ಅದೇ ಜಾಗದಲ್ಲಿ ಬಿದ್ದ ಅದೇ ಹೆಣ ಅಂತ ಗೊಣಗಿದರು. ದೊಡ್ಡದು ಕೇಳಿದಿರಿ, ಕೊಟ್ಟರು. ಕಂಪನಿಗೆ ಬೈಯೋ ಮುಂಚೆ ನಮ್ಮ ಪಟ್ಟಿಯನ್ನೇ ಇನ್ನೊಂದು ಸಲ ಓದಿಕೊಳ್ಳೋದು ಒಳ್ಳೇದು.

"ಸ್ಕೈರಿಮ್ 6 ಕೋಟಿ ಪ್ರತಿ ಮಾರಾಟ ಆಗಿದೆ, ನೀನ್ಯಾರು ಹೇಳೋಕೆ?" ನ್ಯಾಯವಾದ ಪ್ರಶ್ನೆ. ಆದರೆ 2022ರ ಎಲ್ಡನ್ ರಿಂಗ್ ನೋಡಿ. ಅದರಲ್ಲಿ ಕ್ವೆಸ್ಟ್ ಪಟ್ಟಿಯೇ ಇಲ್ಲ, ಯಾರು ಏನು ಹೇಳಿದರು ಅಂತ ನೀವೇ ನೆನಪಿಟ್ಟುಕೊಳ್ಳಬೇಕು. ಒಂದೇ ವರ್ಷದಲ್ಲಿ 2 ಕೋಟಿ ಪ್ರತಿ ಹೋಯ್ತು. 2023ರ ಬಾಲ್ಡರ್ಸ್ ಗೇಟ್ 3ರಲ್ಲಿ ನೀವು ಗಾಬ್ಲಿನ್‌ಗಳ ಕಡೆ ಸೇರಿ ನಿರಾಶ್ರಿತರನ್ನ ಕೊಂದರೆ ಜೊತೆಗಿದ್ದ ಕಾರ್ಲಾಕ್, ವಿಲ್ ಇಬ್ಬರೂ ನಿಮ್ಮನ್ನ ಬಿಟ್ಟು ಹೋಗ್ತಾರೆ. ಅವರ ಕಥೆ ಅಷ್ಟೂ ನಿಮ್ಮ ಪಾಲಿಗೆ ಇಲ್ಲ. ಅದಕ್ಕೇ ಆ ವರ್ಷದ ಅತ್ಯುತ್ತಮ ಗೇಮ್ ಅನ್ನೋ ಪ್ರಶಸ್ತಿ ಬಂತು. 'ಆಗಲ್ಲ' ಅನ್ನೋ ಮಾತನ್ನ ಆಟಗಾರರು ತಡ್ಕೊಳ್ಳಲ್ಲ ಅನ್ನೋದು ಸುಳ್ಳು.

ನನಗೆ ನಿಜಕ್ಕೂ ಕಷ್ಟ ಅನಿಸೋ ಆಕ್ಷೇಪ ಬೇರೆ. ಅದು ನನ್ನದೇ. ಹಾಸ್ಟೆಲಿನಲ್ಲಿ ಎರಡು ಸಂಜೆ ಪೆಟ್ಟಿಗೆ ಹುಡುಕಬಹುದಿತ್ತು. ಈಗ ಟ್ರಾಫಿಕ್ಕು, ಅಮೆರಿಕದವರ ಜೊತೆ ರಾತ್ರಿ ಕಾಲು, ಪಾತ್ರೆ, ಇಎಂಐ ಎಲ್ಲ ಮುಗಿದ ಮೇಲೆ ಸಿಗೋದು ಒಂದು ಗಂಟೆ. ಆ ಒಂದು ಗಂಟೆಯಲ್ಲಿ ದಾರಿ ತಪ್ಪೋಕೆ ಯಾರಿಗೆ ಪುರುಸೊತ್ತು? ನಾನೂ ಎಷ್ಟೋ ದಿನ ಹೀಗೇ ಅಂದುಕೊಂಡಿದ್ದೆ. ಹೆಂಡತಿ "ಏನು ಮಾಡಿದ್ದ?" ಅಂತ ಕೇಳಿದ ರಾತ್ರಿ ಲೆಕ್ಕ ತಿರುವುಮುರುವಾಯ್ತು. ಇರೋದೇ ಒಂದು ಗಂಟೆ ಅಂದಮೇಲೆ ಅದು ಏನೂ ಉಳಿಸದೆ ಹೋದರೆ ನಷ್ಟ ಜಾಸ್ತಿ ತಾನೇ?

ನನ್ನ ಕೆಲಸವೂ ಇದೇ ಧಂಧೆ. ಆ್ಯಪ್ ಬಳಸೋರಿಗೆ ಎಲ್ಲೂ ತಡೆ ಇರಬಾರದು, ಎಲ್ಲೂ ಯೋಚಿಸೋಕೆ ನಿಲ್ಲಬಾರದು, ಹೆಬ್ಬೆರಳು ಜಾರಿಕೊಂಡು ಹೋಗ್ತಿರಬೇಕು. ಅದಕ್ಕೇ ನನಗೆ ಸಂಬಳ. ಬ್ಯಾಂಕಿನ ಫಾರಂ ತುಂಬೋದಕ್ಕೆ ಅದು ಸರಿ. ಯಾರೂ ಫಾರಂ ತುಂಬಿದ್ದನ್ನ ಮೊಮ್ಮಕ್ಕಳಿಗೆ ಕಥೆ ಹೇಳಲ್ಲ. ಆದರೆ ಕಥೆ ಅಂತ ಒಂದಿರೋದೇ ತಡೆಯಿಂದ. ನಮ್ಮ ಅಜ್ಜಿ ಕಥೆಗಳಲ್ಲಿ ರಾಜಕುಮಾರನಿಗೆ ಏನಂತಿದ್ದರು? ಮೂರು ದಿಕ್ಕಿಗೆ ಹೋಗು, ನಾಲ್ಕನೇ ದಿಕ್ಕಿಗೆ ಮಾತ್ರ ಹೋಗಬೇಡ. ಆ 'ಬೇಡ' ಅನ್ನ ತೆಗೆದು ನಾಲ್ಕೂ ದಿಕ್ಕಿಗೆ ಬಾಣ ಹಾಕಿದರೆ ಕಥೆ ಎಲ್ಲಿಂದ ಹುಟ್ಟಬೇಕು? ರಾಕ್ಷಸನ ಪ್ರಾಣ ಇರೋ ಗಿಳಿ ಏಳು ಸಮುದ್ರದಾಚೆಯೇ ಇರಬೇಕು, ಪಕ್ಕದ ಬೀದಿಯಲ್ಲಲ್ಲ.

ಹಾಗಾಗಿ, ತಮ್ಮಾ, ನಿನ್ನ ಗ್ರೂಪಿಗೆ ನನ್ನ ಪಟ್ಟಿ ಇದು. ಮ್ಯಾಪ್ ಚಿಕ್ಕದಿರಲಿ, ಪ್ರತಿ ಊರಿನವರಿಗೂ ಪಕ್ಕದೂರಿನ ದಾರಿ ಬಾಯಲ್ಲಿ ಹೇಳೋಕೆ ಬರಲಿ. ಇಂಥ ಊರಿಗೆ ಹೋಗೋಕೆ ಇಂಥಲ್ಲಿ ದೋಣಿ ಹಿಡಿ, ಇಂಥಲ್ಲಿ ಇಳಿ ಅಂತಿರಲಿ, ಮೆಜೆಸ್ಟಿಕ್‌ನಲ್ಲಿ ಬಸ್ ಬದಲಾಯಿಸೋ ಹಾಗೆ. ಒಂದು ಸಂಘ ಸೇರಿದರೆ ಇನ್ನೊಂದು ನನ್ನ ಮುಖಕ್ಕೆ ಬಾಗಿಲು ಹಾಕಲಿ. ಬರದ ವಿದ್ಯೆಗೆ ಪದವಿ ಕೊಡಬೇಡಿ. ನಾನು ಕೊಂದವನು ಸಾಯಲಿ, ಅವನು ಯಾರು ಅಂತ ಊರಲ್ಲಿ ಒಬ್ಬರಾದರೂ ನನ್ನ ಕೇಳಲಿ.

ಇಷ್ಟು ಬರೆದು ಅವನಿಗೂ ಕಳಿಸಿದೆ. ಉತ್ತರ ಬಂತು: "ಅಣ್ಣಾ, ಹಡಗು?"

ಹಡಗು ಇರಲಿ ಬಿಡು. ಮುಳುಗೋ ಹಾಗಿರಲಿ.