ಸಿಗದವನ ಹಿಂದೆ ಐವತ್ತು ಗಂಟೆ

ಐಪಿಎಲ್ ಹರಾಜು ನೋಡಿದವರಿಗೆ ಆಟಗಾರರನ್ನು ಆರಿಸುವುದೆಂದರೆ ದರ ಕೂಗುವುದು. ಆಟಗಾರನಿಗೆ ಬೆಂಗಳೂರು ಇಷ್ಟವೋ ಚೆನ್ನೈ ಇಷ್ಟವೋ ಅಂತ ಅಲ್ಲಿ ಕೇಳುವವರಿಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ, ಅಂದರೆ ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಅವರ ಫುಟ್‌ಬಾಲಿನಲ್ಲಿ, ಇದು ತಿರುವುಮುರುವು. ಹೈಸ್ಕೂಲಿನ ಹುಡುಗನೊಬ್ಬನ ಮನೆಗೆ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳ ಕೋಚ್‌ಗಳು ಬಂದು ಕೂರುತ್ತಾರೆ, ಅವನ ಅಮ್ಮನ ಮನಸ್ಸು ಗೆಲ್ಲಲು ನೋಡುತ್ತಾರೆ. ಎಲ್ಲಿಗೆ ಹೋಗಬೇಕೆಂದು ಕೊನೆಗೆ ತೀರ್ಮಾನಿಸುವವನು ಹುಡುಗನೇ.

ಈ ಮನವೊಲಿಕೆಯನ್ನೇ ಲೆಕ್ಕಾಚಾರದ ಆಟವಾಗಿಸಿದ್ದು ಇಎ ಸ್ಪೋರ್ಟ್ಸ್ 2024ರ ಜುಲೈನಲ್ಲಿ ಬಿಡುಗಡೆ ಮಾಡಿದ ‘ಕಾಲೇಜ್ ಫುಟ್‌ಬಾಲ್ 25’ ಎಂಬ ವಿಡಿಯೋ ಗೇಮ್. ಅದರ ಡೈನಾಸ್ಟಿ ವಿಭಾಗದಲ್ಲಿ 134 ಕಾಲೇಜುಗಳ ಪೈಕಿ ಒಂದಕ್ಕೆ ನೀವು ಕೋಚ್. ವಾರಕ್ಕೆ ಇಷ್ಟು ಗಂಟೆ ಎಂದು ನಿಗದಿ. ಪಟ್ಟಿಯಲ್ಲಿ 35 ಹುಡುಗರಿಗೆ ಜಾಗ. ಸ್ಕಾಲರ್‌ಶಿಪ್ ಕೊಡುತ್ತೇವೆಂದು ಹೇಳಲು 5 ಗಂಟೆ, ಹುಡುಗನಿಗೆ ನೇರ ಸಂದೇಶ ಕಳಿಸಲು 10, ಮನೆಯವರ ಮತ್ತು ಗೆಳೆಯರ ಜೊತೆ ಮಾತಾಡಲು 25, ಇರುವ ಬಲವನ್ನೆಲ್ಲ ಒಬ್ಬನ ಮೇಲೇ ಸುರಿಯಲು 50. ಹುಡುಗರಿಗೂ ಅವರವರ ಆಸೆಗಳಿವೆ: ಒಬ್ಬನಿಗೆ ಮೊದಲ ವರ್ಷವೇ ಮೈದಾನಕ್ಕಿಳಿಯಬೇಕು, ಇನ್ನೊಬ್ಬನಿಗೆ ಊರು ಹತ್ತಿರವಿರಬೇಕು, ಮತ್ತೊಬ್ಬನಿಗೆ ಓದಿಗೆ ಹೆಸರಾದ ಕಾಲೇಜೇ ಆಗಬೇಕು.

ಹೊಸದಾಗಿ ಆಡಲು ಕೂತವರು ಮಾಡುವುದು ಒಂದೇ. ಅತಿ ಒಳ್ಳೆಯ ಆಟಗಾರರೆಂದು ಐದು ನಕ್ಷತ್ರ ಪಡೆದ ಹುಡುಗರನ್ನೆಲ್ಲ ಪಟ್ಟಿಗೆ ಸೇರಿಸಿ ಒಬ್ಬೊಬ್ಬರಿಗೂ ಒಂದಿಷ್ಟು ಗಂಟೆ ಹಂಚುತ್ತಾರೆ. ವಾರಗಳು ಉರುಳಿದ ಮೇಲೆ ನೋಡಿದರೆ ಒಬ್ಬ ಅಲಬಾಮಾಕ್ಕೆ, ಇನ್ನೊಬ್ಬ ಜಾರ್ಜಿಯಾಕ್ಕೆ, ಮಗದೊಬ್ಬ ಓಹಾಯೋ ಸ್ಟೇಟ್‌ಗೆ. ಕೈಯಲ್ಲಿ ಉಳಿಯುವುದು ಖಾಲಿ ಪಟ್ಟಿ. ಪಳಗಿದವರು ಮೊದಲು ಕೇಳುವುದು ‘ಇವನು ಎಷ್ಟು ಒಳ್ಳೆಯವನು?’ ಎಂದಲ್ಲ, ‘ಇವನಿಗೆ ನಮ್ಮಲ್ಲಿ ಬೇಕಾದ್ದು ಏನಿದೆ?’ ಎಂದು. ಕ್ರೀಡಾಂಗಣ ಚಿಕ್ಕದಾದರೂ ಬೇಗ ಆಡುವ ಅವಕಾಶ ನಮ್ಮಲ್ಲಿದ್ದರೆ, ಅದನ್ನೇ ಬಯಸುವ ಮೂರು ನಕ್ಷತ್ರದ ಹತ್ತು ಹುಡುಗರನ್ನು ಹುಡುಕಿ ಅವರ ಮೇಲೆ ಗಂಟೆಗಳನ್ನು ಧಾರಾಳವಾಗಿ ಸುರಿಯುತ್ತಾರೆ. ಉಳಿದ ಇಪ್ಪತ್ತೈದು ಹೆಸರನ್ನು ಅಳಿಸಲು ಹಿಂದೆಮುಂದೆ ನೋಡುವುದಿಲ್ಲ.

ಇದರಲ್ಲಿ ಆಟದ ಹೊರಗೂ ನಿಲ್ಲುವ ಪ್ರಶ್ನೆಯೊಂದಿದೆ. ಶಕ್ತಿ ಸೀಮಿತವಾಗಿದ್ದಾಗ ಅತ್ಯುತ್ತಮರಿಗೆ ಗಾಳ ಹಾಕಬೇಕೋ, ಬರುವವರನ್ನು ಗುರುತಿಸಬೇಕೋ? ನನ್ನ ಮಟ್ಟಿಗೆ ಉತ್ತರ ಎರಡನೆಯದು. ಬಡ ಸಂಸ್ಥೆಯ ತಂತ್ರವೆಂದರೆ ಶ್ರೀಮಂತ ಸಂಸ್ಥೆಯ ತಂತ್ರದ ಅಗ್ಗದ ಪ್ರತಿಯಲ್ಲ. ಅದು ಬೇರೆಯದೇ ಲೆಕ್ಕ. ಅಲಬಾಮಾ ಒಂದು ಸಂದೇಶ ಕಳಿಸಿದರೂ ಸಾಲಬಹುದು. ಅದೇ ಹುಡುಗನಿಗೆ ವ್ಯೋಮಿಂಗ್‌ನಂಥ ಸಣ್ಣ ತಂಡ ಐವತ್ತು ಗಂಟೆ ಕೊಟ್ಟರೂ ಸಿಗಲಾರ.

ಇದಕ್ಕೆ ಗಟ್ಟಿಯಾದ ಆಕ್ಷೇಪ ಇದೆ. ನಕ್ಷತ್ರಗಳು ಸುಮ್ಮನೆ ಹಚ್ಚಿದ ಬಣ್ಣವಲ್ಲ. ವರ್ಷಗಟ್ಟಲೆ ರಾಷ್ಟ್ರೀಯ ಪ್ರಶಸ್ತಿ ಗೆದ್ದ ತಂಡಗಳಲ್ಲಿ ನಾಲ್ಕೈದು ನಕ್ಷತ್ರದವರೇ ಅರ್ಧಕ್ಕಿಂತ ಹೆಚ್ಚಿದ್ದರು. ಸಿಕ್ಕವರಲ್ಲೇ ತೃಪ್ತಿಪಡುತ್ತಾ ಕೂತರೆ ಮೇಲೇರುವುದು ಯಾವಾಗ? ಇದಕ್ಕೆ ಉತ್ತರವಾಗಿ ಎಲ್ಲರೂ ಎತ್ತುವ ಹೆಸರು ಜೋಶ್ ಆಲೆನ್. ಹೈಸ್ಕೂಲು ಮುಗಿಸಿದಾಗ ಯಾವ ದೊಡ್ಡ ಕಾಲೇಜೂ ಕೇಳದಿದ್ದ ಆ ಹುಡುಗ ರೀಡ್ಲಿ ಎಂಬ ಎರಡು ವರ್ಷದ ಕಾಲೇಜಿನಿಂದ ವ್ಯೋಮಿಂಗ್‌ಗೆ ಹೋಗಿ, 2018ರಲ್ಲಿ ವೃತ್ತಿಪರ ಲೀಗಾದ ಎನ್‌ಎಫ್‌ಎಲ್ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟಿನ ಏಳನೆಯ ಆಯ್ಕೆಯಾದ. ಆದರೆ ಒಬ್ಬ ಆಲೆನ್‌ನಿಂದ ಸಿದ್ಧಾಂತ ಕಟ್ಟಲಾಗದು. ಹಾಗೆ ಯಾರೂ ಕೇಳದೆ ಕಳೆದುಹೋದವರ ಲೆಕ್ಕ ಇಟ್ಟವರಾರು?

ನನಗೆ ಹೆಚ್ಚು ಒಪ್ಪಿಗೆಯಾಗುವ ಸಾಕ್ಷಿ ಇಂಡಿಯಾನಾ ವಿಶ್ವವಿದ್ಯಾಲಯ. 2023ರಲ್ಲಿ ಮೂರು ಪಂದ್ಯ ಗೆದ್ದು ಒಂಬತ್ತು ಸೋತ ತಂಡ ಅದು. ಆ ವರ್ಷದ ಕೊನೆಯಲ್ಲಿ ಕೋಚ್ ಆಗಿ ಬಂದ ಕರ್ಟ್ ಸಿಗ್ನೆಟಿ ನಕ್ಷತ್ರಗಳ ಬೆನ್ನು ಹತ್ತಲಿಲ್ಲ. ತಾನು ಬಿಟ್ಟುಬಂದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದ ಆಟಗಾರರನ್ನೇ ವರ್ಗಾವಣೆಯಲ್ಲಿ ದೊಡ್ಡ ಸಂಖ್ಯೆಯಲ್ಲಿ ಕರೆತಂದ. ಅವರ ಕೈ ಎಂಥದ್ದು ಅಂತ ಇವನಿಗೆ ಗೊತ್ತು, ಇವನ ಮಾತಿನ ಬೆಲೆ ಅವರಿಗೆ ಗೊತ್ತು. ಮನವೊಲಿಸುವ ಖರ್ಚೇ ಉಳಿಯಿತು. 2024ರಲ್ಲಿ ಆ ತಂಡ 11 ಪಂದ್ಯ ಗೆದ್ದು ಪ್ಲೇಆಫ್ ತಲುಪಿತು. ಇದನ್ನು ಕಡಿಮೆಗೆ ಒಪ್ಪಿಕೊಳ್ಳುವುದು ಎನ್ನಲಾದೀತೇ? ಮೇಲೇರುವ ಮೆಟ್ಟಿಲು ಇದ್ದದ್ದೇ ಅಲ್ಲಿ.

ಈಗ ದುಡ್ಡೂ ಬಂದಿದೆ, ನಿಜ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಮುಖಗಳಿಂದ ಸಂಪಾದಿಸಬಹುದು; 2025ರಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಇದರಿಂದ ಸಣ್ಣ ಕಾಲೇಜಿನ ಲೆಕ್ಕ ಇನ್ನಷ್ಟು ಬಿಗಿಯಾಯಿತೇ ಹೊರತು ಬದಲಾಗಲಿಲ್ಲ. ದುಡ್ಡಿನಲ್ಲಿ ಸೋಲುವುದು ಖಾತ್ರಿಯಾದವನು ದುಡ್ಡೊಂದನ್ನೇ ಕೇಳದ ಹುಡುಗನನ್ನು ಹುಡುಕಬೇಕು.

ನನಗೆ ತಕರಾರಿರುವುದು ಆ ವಿಡಿಯೋ ಗೇಮಿನ ಇನ್ನೊಂದು ತುದಿಯಲ್ಲಿ. ಅದರಲ್ಲಿ ತಂಡದ ಮಿತಿ 85 ಹುಡುಗರು. ಜಾಣರು 85ಕ್ಕೂ ಹೆಚ್ಚು ಹುಡುಗರನ್ನು ಒಪ್ಪಿಸಿಕೊಂಡು, ಋತು ಬದಲಾದಾಗ ಹಿಂದಿನವರಲ್ಲಿ ಬೇಡವಾದವರನ್ನು ಕೈಬಿಡುತ್ತಾರೆ. ಲೆಕ್ಕಕ್ಕೆ ಇದು ಸರಿಯಾದ ನಡೆಯೇ. ನಿಜವಾದ ಕೋಚ್‌ಗಳೂ ಇದನ್ನೇ ಮಾಡಿದ್ದಾರೆ: 2009ರಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯ ಒಂದೇ ಸಲಕ್ಕೆ 37 ಹುಡುಗರಿಂದ ಸಹಿ ಹಾಕಿಸಿತು. ಗದ್ದಲವಾದ ಮೇಲೆ ಆಗ್ನೇಯ ರಾಜ್ಯಗಳ ಕಾಲೇಜುಗಳ ಕ್ರೀಡಾ ಒಕ್ಕೂಟವಾದ ಎಸ್‌ಇಸಿ ಮೊದಲು 28, ಆಮೇಲೆ 25 ಎಂದು ಮಿತಿ ಹಾಕಬೇಕಾಯಿತು. ಹುಡುಗನನ್ನು ಒಲಿಸಿಕೊಳ್ಳುವ ಒಂದೊಂದು ಗಂಟೆಗೂ ಬೆಲೆ ಕಟ್ಟುವ ಆಟ, ಒಲಿದು ಬಂದವನನ್ನು ಹೊರಗೆ ಕಳಿಸುವುದಕ್ಕೆ ಒಂದು ಗಂಟೆಯನ್ನೂ ಕೇಳುವುದಿಲ್ಲ. ಅದಕ್ಕೂ ಹತ್ತಿಪ್ಪತ್ತು ಗಂಟೆ ದಂಡ ಇಟ್ಟು, ಮುಂದಿನ ವರ್ಷ ಅದೇ ಊರಿನ ಹುಡುಗರು ಬಾಗಿಲು ತೆರೆಯದಂತೆ ಮಾಡಿದ್ದರೆ, 35ನೆಯ ಹೆಸರನ್ನು ಪಟ್ಟಿಗೆ ಸೇರಿಸುವ ಮೊದಲು ಆಡುವವರು ಇನ್ನೊಮ್ಮೆ ಯೋಚಿಸುತ್ತಿದ್ದರು.