ಹುಸಿ ಎರೆ ಮತ್ತು ಬಾಸ್ ಮೀನಿನ ಲೆಕ್ಕಾಚಾರ

1932ರ ಜೂನ್ 2. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಮಳೆ ಬಿದ್ದು ಹೊಲ ಉಳುವಂತಿರಲಿಲ್ಲ. ಜಾರ್ಜ್ ಪೆರಿ ಎಂಬ ಯುವ ರೈತ ಗೆಳೆಯನೊಬ್ಬನ ಜೊತೆ ಮಾಂಟ್ಗೊಮರಿ ಸರೋವರಕ್ಕೆ ಮೀನು ಹಿಡಿಯಲು ಹೋದ. ಅವನ ಗಾಳದ ತುದಿಯಲ್ಲಿ ಎರೆಹುಳು ಇರಲಿಲ್ಲ. ಬಣ್ಣ ಬಳಿದ, ಮೀನಿನಾಕಾರದ ಮರದ ತುಂಡೊಂದಿತ್ತು. ಅದನ್ನು ಕಚ್ಚಿದ ಬಾಸ್ ಮೀನಿನ ತೂಕ 22 ಪೌಂಡು 4 ಔನ್ಸ್, ಅಂದರೆ ಸುಮಾರು 10 ಕಿಲೋಗ್ರಾಂ. ತೂಕ ಬರೆಸಿದ ಮೇಲೆ ಮನೆಯವರು ಅದನ್ನು ಬೇಯಿಸಿ ತಿಂದರು. ಆ ದಾಖಲೆಯನ್ನು ಸರಿಗಟ್ಟಲು 77 ವರ್ಷ ಬೇಕಾಯಿತು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದ ಮೀನು ಒಂದು ಔನ್ಸಿಗೂ ಕಡಿಮೆ ಅಂತರದಲ್ಲಿ ಹೆಚ್ಚು ತೂಗಿತು. ದಾಖಲೆ ಮುರಿಯಲು 2 ಔನ್ಸ್ ಅಂತರ ಬೇಕೆಂಬ ನಿಯಮವಿದ್ದುದರಿಂದ ಇಬ್ಬರನ್ನೂ ಸಮಾನರೆಂದು ಘೋಷಿಸಲಾಯಿತು.

ಹಸಿದ ಮೀನು ಹುಳುವನ್ನು ಕಚ್ಚುವುದು ಸಹಜ. ಮರದ ತುಂಡನ್ನು ಏಕೆ ಕಚ್ಚುತ್ತದೆ?

ಲಾರ್ಜ್‌ಮೌತ್ ಬಾಸ್, ಅಂದರೆ ದೊಡ್ಡ ಬಾಯಿಯ ಬಾಸ್, ಉತ್ತರ ಅಮೆರಿಕದ ಸಿಹಿನೀರಿನ ಬೇಟೆಗಾರ ಮೀನು. ಬೇಟೆಯನ್ನು ಬಹುದೂರ ಅಟ್ಟಿಸಿಕೊಂಡು ಹೋಗುವುದು ಇದರ ಜಾಯಮಾನವಲ್ಲ. ಜೊಂಡಿನ ಮರೆಯಲ್ಲೋ ಮುಳುಗಿದ ಮರದ ನೆರಳಿನಲ್ಲೋ ಹೊಂಚು ಹಾಕಿ, ಹತ್ತಿರ ಸುಳಿದದ್ದನ್ನು ತಟಕ್ಕನೆ ಬಾಯಿ ತೆರೆದು ನೀರಿನ ಸಮೇತ ಹೀರಿಕೊಳ್ಳುತ್ತದೆ. ಇದು ತಿನ್ನತಕ್ಕದ್ದೇ ಅಲ್ಲವೇ ಎಂದು ಯೋಚಿಸಲು ಅದಕ್ಕೆ ಸಿಗುವುದು ಕ್ಷಣಮಾತ್ರ. ಕೈಯಿಲ್ಲದ ಪ್ರಾಣಿಗೆ ಬಾಯಿಯೇ ಕೈ. ಮುಟ್ಟಿ ನೋಡಬೇಕಾದರೂ ಬಾಯಿಗೇ ಹಾಕಿಕೊಳ್ಳಬೇಕು. ಈ ಅವಸರವೇ ಹುಸಿ ಎರೆಯ ಬಂಡವಾಳ.

ಫಿನ್‌ಲೆಂಡಿನ ಬಡ ಬೆಸ್ತ ಲೌರಿ ರಾಪಾಲಾ ಇದನ್ನು ಬರಿಗಣ್ಣಿನಿಂದಲೇ ಕಂಡುಕೊಂಡ. ಸಣ್ಣ ಮೀನುಗಳ ಹಿಂಡಿನ ಮೇಲೆ ದೊಡ್ಡ ಮೀನು ಎರಗುವಾಗ ಅದು ಆರಿಸುವುದು ವಾಲಾಡುತ್ತಾ ಈಜುವ ದುರ್ಬಲ ಮೀನನ್ನು. 1936ರಲ್ಲಿ ಆತ ಬಿರಡೆಯ ತುಂಡನ್ನು ಚಾಕುವಿನಿಂದ ಕೆತ್ತಿ, ಚಾಕೊಲೇಟಿಗೆ ಸುತ್ತಿದ್ದ ಬೆಳ್ಳಿ ಕಾಗದ ಅಂಟಿಸಿ, ಫೋಟೋ ನೆಗೆಟಿವ್ ಕರಗಿಸಿದ ಮೆರುಗನ್ನು ಮೇಲೆ ಬಳಿದ. ಎಳೆದಾಗ ಅದು ಪೆಟ್ಟು ತಿಂದ ಮೀನಿನಂತೆ ಓಲಾಡಿತು. ಇಂದು ಬಾಸ್ ಹಿಡಿಯಲು ಬಳಸುವ ಅನೇಕ ಹುಸಿ ಎರೆಗಳ ಮೂತಿಯಲ್ಲಿ ಓರೆಯಾದ ಪುಟ್ಟ ತಗಡು ಇರುತ್ತದೆ. ಎಳೆದಾಗ ಅದು ನೀರನ್ನು ತಳ್ಳುತ್ತಾ ಎರೆಯನ್ನು ಕೆಳಕ್ಕಿಳಿಸುತ್ತದೆ, ಎಡಬಲಕ್ಕೂ ಅಲುಗಿಸುತ್ತದೆ.

ಈ ಅಲುಗಾಟ ಕಣ್ಣಿಗೆ ಮಾತ್ರವಲ್ಲ. ಮೀನಿನ ಎರಡೂ ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಒಂದು ಗೆರೆ ಕಾಣುತ್ತದೆಯಲ್ಲ, ಅದು ಪಾರ್ಶ್ವರೇಖೆ. ಅದರೊಳಗಿನ ರೋಮಕೋಶಗಳು ನೀರಿನ ಸಣ್ಣ ಕದಲಿಕೆಯನ್ನೂ ಗ್ರಹಿಸುತ್ತವೆ. ಮನುಷ್ಯನ ಒಳಗಿವಿಯಲ್ಲಿರುವ ರೋಮಕೋಶಗಳೂ ಇದೇ ಜಾತಿಯವು. ಆದ್ದರಿಂದ ನೀರು ಕದಡಿ ಕೆಂಪಾಗಿರುವಾಗ ಅನುಭವಸ್ಥರು ತಿರುಗುವ ಲೋಹದ ರೆಕ್ಕೆಯಿರುವ ಎರೆಯನ್ನೋ, ಹೊಟ್ಟೆಯಲ್ಲಿ ಗುಂಡುಗಳು ಗಲಗಲಿಸುವ ಎರೆಯನ್ನೋ ಆರಿಸುತ್ತಾರೆ. ತಿಳಿನೀರಿನಲ್ಲಿ ಅದೇ ಗದ್ದಲ ಮೀನನ್ನು ಬೆದರಿಸಬಹುದು. ಅಲ್ಲಿ ಸದ್ದಿಲ್ಲದ ಮೆತ್ತನೆಯ ಪ್ಲಾಸ್ಟಿಕ್ ಹುಳು ವಾಸಿ. 1949ರಲ್ಲಿ ಒಹಾಯೊ ರಾಜ್ಯದ ಆಕ್ರನ್ ಊರಿನ ನಿಕ್ ಕ್ರೀಮ್ ಮತ್ತು ಪತ್ನಿ ಕಾಸ್ಮಾ ಇಂಥ ಹುಳುವನ್ನು ಅಡುಗೆಮನೆಯ ಒಲೆಯ ಮೇಲೆ ವಿನೈಲ್ ಕಾಯಿಸಿ ತಯಾರಿಸಿದರು. ಬಾಯಿಗೆ ಮೆತ್ತಗೆ ಸಿಗುವುದರಿಂದ ಮೀನು ಅದನ್ನು ಬೇಗ ಉಗುಳುವುದಿಲ್ಲ.

ಇನ್ನು ಬಣ್ಣ. ಅಂಗಡಿಗಳಲ್ಲಿ ನೂರಾರು ಬಣ್ಣದ ಎರೆಗಳು ತೂಗಾಡುತ್ತವೆ. ಅವುಗಳಲ್ಲಿ ಬಹಳಷ್ಟು ಮೀನನ್ನು ಹಿಡಿಯುವುದಕ್ಕಿಂತ ಕೊಳ್ಳುವವನನ್ನು ಹಿಡಿಯಲೆಂದೇ ಇರುವಂಥವು. ಬಾಸ್ ಮೀನಿನ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಶಂಕುಕೋಶಗಳು ಎರಡೇ ಬಗೆ. ಒಂದು ಹಸಿರಿಗೆ, ಇನ್ನೊಂದು ಕೆಂಪಿಗೆ. ಮನುಷ್ಯನಿಗಿರುವಂತೆ ಮೂರನೆಯ ಬಗೆ ಇಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಬಾಸ್ ಮೀನುಗಳಿಗೆ ಬಣ್ಣ ಗುರುತಿಸುವ ತರಬೇತಿ ಕೊಟ್ಟು 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಂಪು, ಹಸಿರು ಚೆನ್ನಾಗಿ ತಿಳಿಯುತ್ತವೆ. ಆದರೆ ಹಸಿರು ಮಿಶ್ರಿತ ಹಳದಿಗೂ ಬಿಳಿಗೂ, ಕಡುನೀಲಿಗೂ ಕಪ್ಪಿಗೂ ವ್ಯತ್ಯಾಸ ತಿಳಿಯದೆ ಮೀನು ತಡವರಿಸುತ್ತದೆ. ಮೇಲಾಗಿ ತಿಳಿನೀರಿನಲ್ಲಿ ಆಳಕ್ಕೆ ಹೋದಂತೆ ಮೊದಲು ಮಾಸುವ ಬಣ್ಣವೇ ಕೆಂಪು. ಅಂಗಡಿಯಲ್ಲಿ ಕೆಂಪಗೆ ಹೊಳೆದದ್ದು ಆಳದಲ್ಲಿ ಕಪ್ಪು ತುಂಡಷ್ಟೆ.

ಎರೆಯಷ್ಟೇ ಮುಖ್ಯವಾದದ್ದು ದಾರ. ಹತ್ತನೇ ತರಗತಿಯ ಬೆಳಕಿನ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ 1.33. ನೈಲಾನಿನದು ಸುಮಾರು 1.53. ಫ್ಲೂರೋಕಾರ್ಬನ್ ದಾರದ್ದು ಸುಮಾರು 1.42. ಸೂಚ್ಯಂಕಗಳು ಹತ್ತಿರವಾದಷ್ಟೂ ಬೆಳಕು ಕಡಿಮೆ ಬಾಗುತ್ತದೆ, ವಸ್ತು ಕಣ್ಣಿಗೆ ಕಾಣುವುದೂ ಕಡಿಮೆ. ಬೋರೋಸಿಲಿಕೇಟ್ ಗಾಜಿನ ಕಡ್ಡಿಯನ್ನು ಗ್ಲಿಸರಿನ್‌ನಲ್ಲಿ ಅದ್ದಿ ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಮುಳುಗಿದ ಭಾಗ ಹೆಚ್ಚುಕಡಿಮೆ ಮಾಯವೇ ಆಗುತ್ತದೆ. ಹಾಗಾಗಿ ತಿಳಿನೀರಿಗೆ ಫ್ಲೂರೋಕಾರ್ಬನ್ ಒಳ್ಳೆಯದು. ಅದರ ಸಾಂದ್ರತೆಯೂ ನೀರಿಗಿಂತ ಬಹಳ ಹೆಚ್ಚು, ಸುಮಾರು 1.78. ಬೇಗ ಮುಳುಗುವುದರಿಂದ ತಳದಲ್ಲಿ ಎಳೆಯುವ ಎರೆಗೆ ಸರಿ, ನೀರಿನ ಮೇಲೆ ಕುಣಿಸುವ ಎರೆಗೆ ಸಲ್ಲ.

ಪಾಲಿಎಥಿಲೀನ್ ಎಳೆಗಳನ್ನು ಹೆಣೆದ ದಾರದ ಸಾಂದ್ರತೆ 0.97, ಅದು ತೇಲುತ್ತದೆ. ಗಾತ್ರಕ್ಕೆ ಹೋಲಿಸಿದರೆ ಅದರ ಬಲ ಅಪಾರ, ಎಳೆದರೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಮೀನು ಮೂತಿ ತಾಗಿಸಿದರೂ ಕೈಗೆ ತಿಳಿಯುತ್ತದೆ. ಜೊಂಡಿನೊಳಗಿಂದ ಮೀನನ್ನು ಎಳೆದು ತರಲು ಇದಕ್ಕಿಂತ ಗಟ್ಟಿಯಾದದ್ದಿಲ್ಲ. ಆದರೆ ತಿಳಿನೀರಿನಲ್ಲಿ ಎದ್ದು ಕಾಣುತ್ತದೆ. ಹಳೆಯ ನೈಲಾನ್ ರಬ್ಬರಿನಂತೆ ಸ್ವಲ್ಪ ಹಿಗ್ಗುತ್ತದೆ, ನೀರು ಹೀರಿ ಕೊಂಚ ಬಲ ಕಳೆದುಕೊಳ್ಳುತ್ತದೆ. ಈ ಹಿಗ್ಗುವಿಕೆ ದೋಷವೆಂದು ತಳ್ಳಿಹಾಕುವಂತಿಲ್ಲ. ಮೀನು ಜಗ್ಗಿದಾಗ ಕೊಕ್ಕೆ ಬಾಯಿ ಹರಿದು ಕಳಚದಂತೆ ಅದು ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಬೆಲೆಯೂ ಕಡಿಮೆ. ಹೊಸದಾಗಿ ಕಲಿಯುವವರಿಗೆ ಇಂದಿಗೂ ಇದೇ ಸಾಕು.

ಉಪಾಯಗಳೆಲ್ಲ ಬಹುಮಟ್ಟಿಗೆ ಉಷ್ಣತೆಯ ಲೆಕ್ಕ. ಬಾಸ್ ಶೀತರಕ್ತದ ಪ್ರಾಣಿ. ನೀರು ತಣ್ಣಗಿದ್ದಾಗ ಅದರ ಜೀರ್ಣಕ್ರಿಯೆ, ಚಲನೆ ಎಲ್ಲವೂ ನಿಧಾನ. ಎರೆಯನ್ನೂ ನಿಧಾನವಾಗಿ ಎಳೆಯಬೇಕು. ಬೇಸಿಗೆಯಲ್ಲಿ ಬೆಳಗ್ಗೆ, ಸಂಜೆ ದಡದ ಬಳಿ ಸಿಗುವ ಮೀನು ನಡುಹಗಲಿಗೆ ಆಳಕ್ಕೋ ನೆರಳಿಗೋ ಸರಿಯುತ್ತದೆ.

ವಸಂತದಲ್ಲಿ ಮಾತ್ರ ಈ ಲೆಕ್ಕಗಳೆಲ್ಲ ತಲೆಕೆಳಗು. ನೀರು ಸುಮಾರು 15 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಗಂಡು ಬಾಸ್ ದಡದ ಹತ್ತಿರ ಬಾಲದಿಂದ ಕೆಸರು ಗುಡಿಸಿ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಮೊಟ್ಟೆಗಳನ್ನೂ ಮರಿಗಳನ್ನೂ ವಾರಗಟ್ಟಲೆ ಕಾಯುವವನು ತಂದೆ. ಕರ್ನಾಟಕದ ಕೆರೆಗಳಲ್ಲಿ ಕೊರವ ಮೀನು ತನ್ನ ಮರಿಗಳ ಹಿಂಡನ್ನು ಕಾಯುವುದನ್ನು ಹಳ್ಳಿಯ ಮಕ್ಕಳು ನೋಡಿರುತ್ತಾರೆ. ಇದೂ ಅದೇ ಬಗೆಯ ಕಾವಲು. ಆಗ ಗೂಡಿನ ಮೇಲೆ ಯಾವ ಎರೆ ಬಿದ್ದರೂ ಗಂಡು ಕಚ್ಚುತ್ತದೆ, ಹಸಿವಿನಿಂದಲ್ಲ, ಕಳ್ಳನನ್ನು ಓಡಿಸಲು. ಅದನ್ನು ಮೇಲೆತ್ತಿದ ಕೆಲವೇ ನಿಮಿಷಗಳಲ್ಲಿ ಬ್ಲೂಗಿಲ್ ಎಂಬ ಸಣ್ಣ ಮೀನುಗಳು ಮೊಟ್ಟೆಗಳಿಗೆ ಮುತ್ತಿಗೆ ಹಾಕುತ್ತವೆ.

ಹಿಡಿದ ಮೀನನ್ನು ಜೀವಂತ ಬಿಟ್ಟುಬಿಡುವ ಪದ್ಧತಿಯನ್ನು 1972ರಲ್ಲಿ ರೇ ಸ್ಕಾಟ್ ಬಾಸ್ ಸ್ಪರ್ಧೆಗಳಿಗೆ ತಂದಾಗ ಸಮಸ್ಯೆ ಮುಗಿಯಿತೆಂದು ಅನೇಕರು ತಿಳಿದರು. ಅದು ಒಳ್ಳೆಯ ಹೆಜ್ಜೆಯೇ. ಆದರೆ ಇಲಿನಾಯ್‌ನ ರಿಜ್ ಸರೋವರದ ಪ್ರಯೋಗ ಬೇರೊಂದು ಸಂಗತಿ ಹೇಳಿತು. ನಾಲ್ಕು ವರ್ಷ ಅಲ್ಲಿ ಹಿಡಿದ ಪ್ರತಿ ಬಾಸ್ ಮೀನಿಗೂ ಗುರುತು ಹಾಕಿ ಬಿಡಲಾಯಿತು. ಒಂದು ಮೀನು ಒಂದೇ ವರ್ಷದಲ್ಲಿ 16 ಬಾರಿ ಸಿಕ್ಕಿಬಿತ್ತು! ಕೊನೆಗೆ ಸರೋವರ ಬರಿದು ಮಾಡಿದಾಗ ಸಿಕ್ಕ 1,700ಕ್ಕೂ ಹೆಚ್ಚು ಮೀನುಗಳಲ್ಲಿ ಸುಮಾರು 200 ಒಮ್ಮೆಯೂ ಗಾಳಕ್ಕೆ ಬಿದ್ದಿರಲಿಲ್ಲ. ಡೇವಿಡ್ ಫಿಲಿಪ್ ಮತ್ತು ಸಂಗಡಿಗರು ಈ ಎರಡು ಬಗೆಯ ಮೀನುಗಳಿಂದ ಪ್ರತ್ಯೇಕ ವಂಶಗಳನ್ನು ಮೂರು ತಲೆಮಾರು ಬೆಳೆಸಿದರು. ತಲೆಮಾರಿನಿಂದ ತಲೆಮಾರಿಗೆ ವ್ಯತ್ಯಾಸ ಹೆಚ್ಚಿತು. ಗಾಳಕ್ಕೆ ಬೀಳುವ ಸ್ವಭಾವವೂ ಆನುವಂಶಿಕ ಎಂದು 2009ರಲ್ಲಿ ಅವರು ಪ್ರಕಟಿಸಿದರು. 2012ರ ಮತ್ತೊಂದು ಅಧ್ಯಯನದ ಪ್ರಕಾರ, ಸುಲಭವಾಗಿ ಸಿಕ್ಕಿಬೀಳುವ ವಂಶದ ಗಂಡುಗಳೇ ಗೂಡನ್ನು ಹೆಚ್ಚು ಶ್ರದ್ಧೆಯಿಂದ ಕಾಯುತ್ತವೆ. ಅಂದರೆ ವಸಂತದ ಗಾಳ ಆರಿಸಿ ಎತ್ತುವುದು ಒಳ್ಳೆಯ ತಂದೆಗಳನ್ನೇ.

ಕೆನಡಾದ ದಕ್ಷಿಣ ಒಂಟಾರಿಯೊದ ಬಹುಪಾಲು ಸರೋವರಗಳಲ್ಲಿ ಜೂನ್ ಉತ್ತರಾರ್ಧದವರೆಗೆ ಬಾಸ್‌ಗೆ ಗಾಳ ಹಾಕುವಂತಿಲ್ಲ. ಅಮೆರಿಕದ ದಕ್ಷಿಣದ ಅನೇಕ ರಾಜ್ಯಗಳಲ್ಲಿ ಅಂಥ ನಿಷೇಧವಿಲ್ಲ. ಅಲ್ಲಿ ಗೂಡಿನ ಮೇಲಿನ ಮೀನನ್ನು ಕಂಡವರು ಎರೆ ಎಸೆಯಬೇಕೇ, ದೋಣಿ ತಿರುಗಿಸಬೇಕೇ ಎಂಬುದನ್ನು ತಾವೇ ನಿರ್ಧರಿಸುತ್ತಾರೆ.