ಹಳೆಯ ಬೈಕಿನ ಸ್ಪೋಕ್ ಚಕ್ರ: ಹೊಳೆಯುವ ರಿಮ್ ಗಟ್ಟಿಯಾಗಿಯೂ ಇರುತ್ತದೆಯೇ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಬೈಕುಗಳು ತಯಾರಾದವು. ಅಂದರೆ ಅಲ್ಲಿಂದ ಹೊರಬಂದ ಕೊನೆಯ ಬೈಕಿಗೂ ಈಗ ಹತ್ತಿರಹತ್ತಿರ ಮೂವತ್ತು ವರ್ಷ. ಅಜ್ಜನೋ ಅಪ್ಪನೋ ಓಡಿಸಿದ ಇಂಥ ಬೈಕನ್ನು ಕೊಟ್ಟಿಗೆಯ ಮೂಲೆಯಿಂದ ಹೊರತೆಗೆದು ಮತ್ತೆ ರಸ್ತೆಗಿಳಿಸುವ ಆಸೆ ಹಲವರಿಗಿದೆ. ಎಂಜಿನ್ ಕೆಲಸಕ್ಕೆ ಮೆಕ್ಯಾನಿಕ್ ಸಿಗುತ್ತಾರೆ, ಟ್ಯಾಂಕಿಗೆ ಹೊಸ ಬಣ್ಣ ಬರುತ್ತದೆ. ಚಕ್ರದ ರಿಮ್ ವಿಷಯ ಬಂದಾಗ ಮಾತ್ರ "ಉಜ್ಜಿ ಪಾಲಿಶ್ ಹೊಡೆದರೆ ಸಾಕು" ಎನ್ನುವವರೇ ಹೆಚ್ಚು. ಅದು ನಿಜವೇ?

ಹಳಿಯಾಳದಿಂದ ದಾಂಡೇಲಿ, ಜೋಯಿಡಾ ದಾಟಿ ಅಣಶಿ ಘಟ್ಟ ಇಳಿದು ಕಾರವಾರಕ್ಕೆ ಹೋಗುವ ದಾರಿಯನ್ನು ನೆನಪಿಸಿಕೊಳ್ಳಿ. ಮಳೆ, ತಿರುವು, ಇಳಿಜಾರು, ಅಲ್ಲಲ್ಲಿ ಗುಂಡಿ. ಅಲ್ಲಿ ರಿಮ್ ಕೈಕೊಟ್ಟರೆ ಸವಾರನ ಜೀವಕ್ಕೇ ಅಪಾಯ. ಆದ್ದರಿಂದ ಈ ಕುರಿತ ಕೆಲವು ನಂಬಿಕೆಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ತುಕ್ಕು ಶುರುವಾಗುವುದು ಎಲ್ಲಿ?

ಹಳೆಯ ರಿಮ್ ಎಂದರೆ ಉಕ್ಕಿನ ತಗಡನ್ನು ಬಳೆಯಂತೆ ಬಾಗಿಸಿ ಬೆಸೆದದ್ದು. ಅದರ ಮೇಲೆ ನಿಕ್ಕಲ್ ಲೇಪ, ಅದರ ಮೇಲೆ ಕ್ರೋಮ್. ಕಣ್ಣಿಗೆ ಕಾಣುವ ಹೊಳಪು ಕ್ರೋಮಿನದು, ಆದರೆ ಆ ಪದರ ಸಾಮಾನ್ಯವಾಗಿ ಒಂದು ಮೈಕ್ರಾನ್‌ಗಿಂತಲೂ ತೆಳು. ಅದರಲ್ಲಿ ಬರಿಗಣ್ಣಿಗೆ ಕಾಣದ ಬಿರುಕುಗಳೂ ಇರುತ್ತವೆ. ಉಕ್ಕನ್ನು ನಿಜವಾಗಿ ಕಾಯುವುದು ಕೆಳಗಿನ ನಿಕ್ಕಲ್ ಪದರ.

ನಿಕ್ಕಲ್‌ನಲ್ಲಿ ಒಂದು ಸೂಜಿಮೊನೆಯಷ್ಟು ತೂತಾದರೂ ನೀರು ಉಕ್ಕನ್ನು ಮುಟ್ಟುತ್ತದೆ. ನೀರಿನ ಸಂಪರ್ಕದಲ್ಲಿ ಉಕ್ಕು ಮತ್ತು ನಿಕ್ಕಲ್ ಸೇರಿ ಒಂದು ಪುಟ್ಟ ಬ್ಯಾಟರಿಯಂತೆ ವರ್ತಿಸುತ್ತವೆ, ಅದರಲ್ಲಿ ಕರಗುವುದು ಉಕ್ಕು. ಹಾಗಾಗಿ ತೂತು ಚಿಕ್ಕದಾದರೂ ಒಳಗಿನ ಕುಳಿ ಆಳಕ್ಕೆ ಹೋಗುತ್ತದೆ. ತುಕ್ಕಿನ ಗಾತ್ರ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು. ಅದು ಉಬ್ಬಿ ಲೇಪವನ್ನು ಮೇಲೆತ್ತುತ್ತದೆ. ರಿಮ್ ಮೇಲೆ ಕಾಣುವ ಗುಳ್ಳೆಗಳು ಇವೇ.

ಇದಕ್ಕಿಂತ ಕೆಟ್ಟ ಜಾಗ ಟಯರಿನ ಕೆಳಗಿದೆ. ಕಡ್ಡಿಗಳ ತೂತುಗಳಿಂದ ಒಳಗೆ ಇಳಿದ ನೀರು ರಿಮ್‌ನ ನಡುವಿನ ತಗ್ಗಿನಲ್ಲಿ ನಿಲ್ಲುತ್ತದೆ. ಟ್ಯೂಬಿನ ರಕ್ಷಣೆಗೆ ಹಾಕಿದ ಪಟ್ಟಿ ಅದನ್ನು ಬೇಗ ಒಣಗಲು ಬಿಡುವುದಿಲ್ಲ. ಬೈಕು ವರ್ಷಗಟ್ಟಲೆ ಒಂದೇ ಕಡೆ ನಿಂತಿದ್ದರೆ ನೆಲಕ್ಕೆ ತಾಗಿದ ಭಾಗದಲ್ಲೇ ನೀರು ನಿಂತು, ಅಲ್ಲಿ ಉಕ್ಕು ಹೆಚ್ಚು ಸವೆಯುತ್ತದೆ. ಹೊರಗೆ ಮಾತ್ರ ರಿಮ್ ಹೊಳೆಯುತ್ತಲೇ ಇರಬಹುದು.

ನಂಬಿಕೆ 1: ಹುಣಸೆಹುಳಿ, ಕೋಲಾ, ಅಲ್ಯೂಮಿನಿಯಂ ಹಾಳೆಯಿಂದ ಉಜ್ಜಿದರೆ ರಿಮ್ ಹೊಸದಾಗುತ್ತದೆ

ಅರ್ಧ ಸತ್ಯ. ತಾಮ್ರದ ಬಿಂದಿಗೆಯನ್ನು ಹುಣಸೆಹುಳಿಯಿಂದ ಬೆಳಗುವುದು ನಮಗೆಲ್ಲ ಗೊತ್ತು. ಹುಳಿಯಲ್ಲಿರುವ ಟಾರ್ಟಾರಿಕ್ ಆಮ್ಲ ತುಕ್ಕನ್ನೂ ಕರಗಿಸುತ್ತದೆ. ಕೋಲಾದ ಫಾಸ್ಫಾರಿಕ್ ಆಮ್ಲವೂ ಅದೇ ಕೆಲಸ ಮಾಡುತ್ತದೆ. ಅಲ್ಯೂಮಿನಿಯಂ ಹಾಳೆ ಕ್ರೋಮ್‌ಗಿಂತ ಮೆದು, ಆದ್ದರಿಂದ ಗೀರು ಬೀಳಿಸದೆ ಮೇಲಿನ ತುಕ್ಕನ್ನು ತೆಗೆಯುತ್ತದೆ. ಆದರೆ ಇವು ಯಾವುವೂ ಕಳೆದುಹೋದ ಉಕ್ಕನ್ನು ಮರಳಿಸುವುದಿಲ್ಲ. ತುಕ್ಕು ಹೋದ ಜಾಗದಲ್ಲಿ ಕುಳಿ ಹಾಗೆಯೇ ಉಳಿಯುತ್ತದೆ. ತೊಳೆದು ಒಣಗಿಸಿ ಮೇಣವನ್ನೋ ಎಣ್ಣೆಯನ್ನೋ ತೆಳುವಾಗಿ ಸವರದಿದ್ದರೆ ಮುಂದಿನ ಮಳೆಗೆ ಮತ್ತೆ ಕೆಂಪಾಗುತ್ತದೆ.

ನಂಬಿಕೆ 2: ಕಡ್ಡಿ ಬಿಗಿದಷ್ಟೂ ಚಕ್ರ ಗಟ್ಟಿ

ತಪ್ಪು. ಸ್ಪೋಕ್ ಚಕ್ರದ ಗುಟ್ಟು ಕಡ್ಡಿಗಳ ಎಳೆತದಲ್ಲಿದೆ. ಎಲ್ಲ ಕಡ್ಡಿಗಳೂ ರಿಮ್ ಅನ್ನು ಹಬ್ ಕಡೆಗೆ ಎಳೆದು ಹಿಡಿದಿರುತ್ತವೆ. ಬೈಕಿನ ಭಾರ ಬಿದ್ದಾಗ ನೆಲದ ಬಳಿಯ ಕೆಲವು ಕಡ್ಡಿಗಳ ಎಳೆತ ಕಡಿಮೆಯಾಗುತ್ತದೆ, ಉಳಿದವುಗಳಲ್ಲಿ ಹೆಚ್ಚು ಬದಲಾವಣೆ ಇರುವುದಿಲ್ಲ. ಚಕ್ರ ಉರುಳಿದಂತೆ ಪ್ರತಿ ಕಡ್ಡಿಗೂ ಸುತ್ತಿಗೊಮ್ಮೆ ಈ ಏರಿಳಿತ. 16 ಇಂಚಿನ ಹಳೆಯ ಜಾವಾ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 550 ಸುತ್ತು ತಿರುಗುತ್ತದೆ. ಕಡ್ಡಿ ಸಡಿಲವಾಗಿದ್ದರೆ ಪ್ರತಿ ಸುತ್ತಿನಲ್ಲೂ ಪೂರ್ತಿ ಸಡಿಲಗೊಂಡು ಮತ್ತೆ ಬಿಗಿಯಾಗುತ್ತದೆ. ಹೀಗೆ ದಣಿದ ಲೋಹ ಹಬ್ ಬಳಿ ಬಾಗಿದ ಜಾಗದಲ್ಲಿ ಮುರಿಯುತ್ತದೆ.

ಹಾಗಂತ ಅತಿಯಾಗಿ ಬಿಗಿದರೆ ನಿಪ್ಪಲ್ ಕೂರುವ ತೂತಿನ ಸುತ್ತ ರಿಮ್ ಸೀಳುತ್ತದೆ. ತುಕ್ಕಿನಿಂದ ತೆಳುವಾದ ರಿಮ್‌ನಲ್ಲಿ ನಿಪ್ಪಲ್ ತೂತಿನಿಂದ ಕಿತ್ತುಬರಲೂಬಹುದು. ಬೇಕಾಗಿರುವುದು ಹದವಾದ, ಸಮನಾದ ಬಿಗಿ. ಸಣ್ಣ ಸ್ಪ್ಯಾನರಿನಿಂದ ಒಂದೊಂದೇ ಕಡ್ಡಿಯನ್ನು ತಟ್ಟಿ ನೋಡಿ. ಒಂದೇ ಬದಿಯ ಕಡ್ಡಿಗಳು ಹೆಚ್ಚುಕಡಿಮೆ ಒಂದೇ ನಾದ ಕೊಡಬೇಕು. ಮಂಕಾಗಿ ಸದ್ದು ಮಾಡುವುದು ಸಡಿಲವಾದದ್ದು.

ಬ್ರೇಕಿನ ವಿಷಯವೂ ಇದೆ. ಈ ಬೈಕುಗಳಲ್ಲಿ ಬ್ರೇಕ್ ಇರುವುದು ಹಬ್ ಒಳಗಿನ ಡ್ರಮ್‌ನಲ್ಲಿ. ಘಟ್ಟದ ಇಳಿಜಾರಿನಲ್ಲಿ ನೀವು ಒತ್ತುವ ಬ್ರೇಕಿನ ಬಲವೆಲ್ಲ ಕಡ್ಡಿಗಳ ಮೂಲಕವೇ ರಿಮ್‌ಗೆ, ಅಲ್ಲಿಂದ ಟಯರಿಗೆ ತಲುಪಬೇಕು.

ನಂಬಿಕೆ 3: ಔಟ್ ತೆಗೆಸಿದರೆ ಎಲ್ಲ ಸರಿಹೋಗುತ್ತದೆ

ಎಲ್ಲವೂ ಅಲ್ಲ. ಚಕ್ರ ಎಡಬಲಕ್ಕೆ ತೊನೆಯುತ್ತಿದ್ದರೆ ಕಡ್ಡಿಗಳನ್ನು ಸರಿಹೊಂದಿಸಿ ನೇರ ಮಾಡಬಹುದು. ಹಲವು ಕಂಪನಿಗಳ ಕೈಪಿಡಿಗಳು 2 ಮಿಲಿಮೀಟರ್‌ವರೆಗಿನ ಓಲಾಟವನ್ನು ಒಪ್ಪುತ್ತವೆ. ಆದರೆ ಗುಂಡಿಗೆ ಬಿದ್ದು ಅಂಚು ಒಳಕ್ಕೆ ಬಾಗಿದ್ದರೆ ಅದನ್ನು ಕಡ್ಡಿ ಎಳೆದು ಸರಿಮಾಡಲಾಗದು. ಸುತ್ತಿಗೆಯಲ್ಲಿ ಬಡಿದರೆ ಆಕಾರ ಬಂದೀತು, ಜೊತೆಗೆ ಲೇಪ ಬಿರಿದು ಹೊಸ ತುಕ್ಕಿಗೆ ದಾರಿಯಾಗುತ್ತದೆ.

ನಂಬಿಕೆ 4: ಮತ್ತೆ ಕ್ರೋಮ್ ಮಾಡಿಸಿದರೆ ಹಳೆಯ ರಿಮ್ ಮೊದಲಿನಂತೆಯೇ

ಅದು ರಿಮ್ ಸ್ಥಿತಿಯನ್ನು ಅವಲಂಬಿಸಿದೆ. ಮರುಲೇಪಕ್ಕೆ ಮೊದಲು ಹಳೆಯ ಲೇಪ ತೆಗೆದು, ಕುಳಿಗಳು ಮಾಯವಾಗುವವರೆಗೆ ಉಕ್ಕನ್ನು ಉಜ್ಜಬೇಕು. ಕುಳಿ ಆಳವಿದ್ದಷ್ಟೂ ತಗಡು ತೆಳುವಾಗುತ್ತದೆ. ಅಲ್ಲದೆ ಕ್ರೋಮ್ ಲೇಪನದ ತೊಟ್ಟಿಯಲ್ಲಿ ವಿದ್ಯುತ್ತು ತಗ್ಗಿನ ಜಾಗಗಳಿಗೆ ಸರಿಯಾಗಿ ತಲುಪುವುದಿಲ್ಲ, ಹಾಗಾಗಿ ಟಯರ್ ಒಳಗಿನ ತಗ್ಗಿಗೆ ಲೇಪ ಕೂರುವುದು ಕಡಿಮೆ. ಅಲ್ಲಿಗೆ ಸತುವಿನ ಪ್ರೈಮರ್ ಹಚ್ಚುವುದು ಒಳ್ಳೆಯದು. ಹಳೆಯ ಕಡ್ಡಿಗಳನ್ನಂತೂ ಆಮ್ಲದಲ್ಲಿ ಅದ್ದಿ ಮರುಲೇಪ ಮಾಡಿಸಬೇಡಿ. ಆಮ್ಲದಿಂದ ಹುಟ್ಟುವ ಹೈಡ್ರೋಜನ್ ಗಡಸು ಉಕ್ಕಿನೊಳಗೆ ಸೇರಿ ಅದನ್ನು ಪೆಡಸಾಗಿಸುತ್ತದೆ. ಹೊಸ ಕಡ್ಡಿ, ಹೊಸ ನಿಪ್ಪಲ್ ಹಾಕುವುದೇ ಸರಿ.

ಮನೆಯಲ್ಲೇ ಕ್ರೋಮ್ ಲೇಪ ಮಾಡುವ ಪ್ರಯೋಗ ಬೇಡವೇ ಬೇಡ. ಆ ದ್ರಾವಣದಲ್ಲಿರುವ ಷಡ್ವೇಲೆನ್ಸಿ ಕ್ರೋಮಿಯಂ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದೆ. ರಿಮ್ ಮೇಲೆ ಕೂತ ಲೋಹರೂಪದ ಕ್ರೋಮ್ ಮುಟ್ಟಿದರೆ ಈ ಅಪಾಯವಿಲ್ಲ. ಆದರೆ ಕ್ರೋಮ್ ಭಾಗವನ್ನು ಬೆಸೆಯುವಾಗ ಏಳುವ ಹೊಗೆ ಅಪಾಯಕಾರಿ.

ಉಳಿಸುವುದೋ, ಬದಲಿಸುವುದೋ?

ತೀರ್ಮಾನಕ್ಕೆ ಮೊದಲು ಟಯರ್, ಟ್ಯೂಬ್, ಒಳಪಟ್ಟಿ ಮೂರನ್ನೂ ಕಳಚಿ. ತಂತಿಬ್ರಷ್‌ನಿಂದ ಒಳಭಾಗ ಉಜ್ಜಿ, ಚೂಪಾದ ಸಲಾಕೆಯಿಂದ ಪ್ರತಿ ತೂತಿನ ಸುತ್ತ ಒತ್ತಿ ನೋಡಿ.

ಮೇಲ್ಮೈ ತುಕ್ಕು ಮಾತ್ರ ಇದ್ದು, ತೂತುಗಳು ದುಂಡಗೆ ಗಟ್ಟಿಯಾಗಿದ್ದರೆ ಉಳಿಸಿಕೊಳ್ಳಿ. ತೂತಿನ ಸುತ್ತ ಬಿರುಕು, ಪದರ ಪದರವಾಗಿ ಏಳುವ ತುಕ್ಕು, ಸಲಾಕೆ ಒಳಗಿಳಿಯುವ ಜಾಗ, ಟಯರ್ ಕೂರುವ ಅಂಚಿನ ಸವೆತ, ಬೆಸುಗೆಯಲ್ಲಿ ಸೀಳು: ಇವುಗಳಲ್ಲಿ ಒಂದು ಕಂಡರೂ ಬದಲಿಸಿ. ತುಕ್ಕಿನ ಚೂರು ಟ್ಯೂಬನ್ನು ಕೊರೆದು ತಿರುವಿನಲ್ಲಿ ಗಾಳಿ ಇಳಿದರೆ ಬೈಕು ಹತೋಟಿಗೆ ಸಿಗುವುದಿಲ್ಲ.

ಹೊಸ ರಿಮ್ ಕೊಳ್ಳುವಾಗ ಅಳತೆ ಒಂದೇ ಸಾಲದು. ಹಳೆಯ ಜಾವಾ ಚಕ್ರಕ್ಕೆ 36 ಕಡ್ಡಿ, ಹಳೆಯ ಬುಲೆಟ್‌ನ 19 ಇಂಚಿನ ಚಕ್ರಕ್ಕೆ 40. ತೂತುಗಳನ್ನು ಕೊರೆದ ಕೋನವೂ ಹಬ್‌ಗೆ ಹೊಂದಬೇಕು. ಜಾವಾದ ಹಬ್ ದೊಡ್ಡದು, ಹಾಗಾಗಿ ಕಡ್ಡಿಗಳು ಗಿಡ್ಡ, ಓರೆ ಹೆಚ್ಚು. ಬೇರೆ ಹಬ್‌ಗೆಂದು ಕೊರೆದ ರಿಮ್ ಹಾಕಿದರೆ ಕಡ್ಡಿ ನಿಪ್ಪಲ್ ಬಳಿ ಬಾಗಿ ಬೇಗ ಮುರಿಯುತ್ತದೆ. ಟ್ಯೂಬ್ ಇಲ್ಲದೆ ಟಯರ್ ಹಾಕುವ ಯೋಚನೆಯೂ ಬೇಡ, ಕಡ್ಡಿಯ ತೂತುಗಳಿಂದ ಗಾಳಿ ಸೋರುತ್ತದೆ.

ಹೊಸ ಕಡ್ಡಿಗಳು ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ಕೂತುಕೊಳ್ಳುವುದರಿಂದ ಬಿಗಿಯನ್ನು ಇನ್ನೊಮ್ಮೆ ನೋಡಿಸಬೇಕು. ಕಂಪನಿಯ ಮೂಲ ರಿಮ್ ಎಂಬ ಅಭಿಮಾನವಿದ್ದು, ಅದು ಓಡಿಸಲು ತಕ್ಕದ್ದಲ್ಲದಿದ್ದರೆ ಗುಜರಿಗೆ ಹಾಕಬೇಕಿಲ್ಲ. ಎಣ್ಣೆ ಸವರಿ ಗೋಡೆಗೆ ತೂಗುಹಾಕಿ. ರಸ್ತೆಗೆ ಮಾತ್ರ ಗಟ್ಟಿಯಾದದ್ದನ್ನೇ ಇಳಿಸಿ.